ಲಿಕ್ ಕಸ್ಮಾದಿಯ ನೆಟ್ಟಗಿನ ಬೆನ್ನು

ನಮ್ಮ ಬೆಟ್ಟದೂರು ಸಿತಾಂಬಿಯಲ್ಲಿ ಐವತ್ತು ದಾಟಿದ ಮೇಲೂ ಬೆನ್ನು ನೆಟ್ಟಗಿರುವ ಗಂಡಸು ಒಬ್ಬರೇ, ಲಿಕ್ ಕಸ್ಮಾದಿ. ಉಳಿದವರೆಲ್ಲ ಆಲೂಗಡ್ಡೆ ಸಾಲಿನಲ್ಲಿ ಬಗ್ಗಿ ಬಗ್ಗಿ, ಗೊಬ್ಬರದ ಮೂಟೆ ಹೊತ್ತು ಹೊತ್ತು, ನಲವತ್ತಕ್ಕೇ ಕುಡುಗೋಲಿನ ಆಕಾರಕ್ಕೆ ಬಂದಿರುತ್ತಾರೆ. ಲಿಕ್ ಮಾತ್ರ ನೆಟ್ಟ ಕಂಬ. ಬೆಳಿಗ್ಗೆ ಅಂಗಳಕ್ಕೆ ಬಂದು, ಸೊಂಟದ ಮೇಲೆ ಎರಡೂ ಕೈ ಇಟ್ಟು, ಬೆಟ್ಟ ಬೇಕಾದರೆ ತಮ್ಮನ್ನು ನೋಡಲಿ ಎಂಬಂತೆ ನಿಲ್ಲುತ್ತಾರೆ. "ನಂಗೆ ಐವತ್ನಾಲ್ಕು ಅಂತ ಯಾರಾದ್ರೂ ಅಂತಾರಾ?" ಎಂದು ಕೇಳುತ್ತಾರೆ. ಯಾರೂ ಅನ್ನುವುದಿಲ್ಲ, ಯಾಕೆಂದರೆ ಯಾರಿಗೂ ಪುರುಸೊತ್ತಿಲ್ಲ.

ಲಿಕ್ ಎಂದರೆ ಚಿಕ್ಕಪ್ಪ. ನನ್ನ ಗಂಡ ಗಿಯಾರ್‌ಗೆ ಅವರು ಚಿಕ್ಕಪ್ಪನಾಗಬೇಕು, ಆದ್ದರಿಂದ ನಾನೂ ಲಿಕ್ ಎನ್ನಬೇಕು. ಬಾಯಿ ಅನ್ನುತ್ತದೆ. ಮನಸ್ಸು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಬೆನ್ನನ್ನು ಕಂಡರೆ ನನಗೆ ಮೈ ಉರಿಯುವುದಕ್ಕೆ ಕಾರಣವಿದೆ. ಅವರ ಮನೆಯ ಗಂಡಸರ ಬೆನ್ನು ಬಾಗಿರಬೇಕು. ಅದೇ ಅವರ ಕೆಲಸ.

ನಮ್ಮ ಮನೆಗಳಿಂದ ಬಿಸಿನೀರಿನ ಬುಗ್ಗೆಗೆ ಹೋಗುವ ದಾರಿ ಒಂದು ತಗ್ಗನ್ನು ಹಾದು ಹೋಗುತ್ತದೆ. ಎಡಕ್ಕೆ ಹಬೆ ಉಗುಳುವ ಬಿಲಗಳು, ಬಲಕ್ಕೆ ಬ್ಲೆಕುತುಕ್, ಎಂದರೆ ಹಗಲೂ ರಾತ್ರಿ ಅದೇ ಸದ್ದು ಮಾಡುತ್ತ ಕುದಿಯುವ ಕೆಸರಿನ ಹೊಂಡ. ಅವೆರಡಕ್ಕೂ ನಾವು ಹೆದರುವುದಿಲ್ಲ. ಅವು ಬುಸುಗುಡುತ್ತವೆ, ಕೊಳೆತ ಮೊಟ್ಟೆಯ ಹಾಗೆ ನಾರುತ್ತವೆ, ತಾವಿರುವ ಜಾಗ ತಾವೇ ಕೂಗಿ ಹೇಳುತ್ತವೆ. ದೂರ ನಿಲ್ಲಬೇಕು ಎಂಬುದು ಎರಡು ವರ್ಷದ ಕೂಸಿಗೂ ಗೊತ್ತು. ಕೊಲ್ಲುವುದು ಬೇರೆ. ಮಳೆ ಹೊಯ್ದು ಗಾಳಿ ನಿಂತ ಬೆಳಗಿನಲ್ಲಿ ನೆಲದ ಬಿರುಕುಗಳಿಂದ ಭಾರದ ಗಾಳಿ ಏಳುತ್ತದೆ. ಎದ್ದು ಎಲ್ಲಿಗೂ ಹೋಗದೆ, ಬಟ್ಟಲಲ್ಲಿ ನೀರು ನಿಂತ ಹಾಗೆ ತಗ್ಗಿನಲ್ಲೇ ನಿಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡವರ ಮೊಣಕಾಲಿನವರೆಗೆ, ಹೆಚ್ಚೆಂದರೆ ಸೊಂಟದವರೆಗೆ ಬರುತ್ತದೆ. ದೊಡ್ಡವರು ಏನೂ ತಿಳಿಯದೆ, ಹಾಡು ಗುನುಗುತ್ತ ದಾಟಿಬಿಡಬಹುದು. ಮೊಣಕಾಲೆತ್ತರದಲ್ಲಿ ಉಸಿರಾಡುವ ಜೀವಗಳಿಗೆ ಆಗುವುದಿಲ್ಲ. ನನ್ನ ಮಗಳು ವೆನಿಂಗ್ ನನ್ನ ಮೊಣಕಾಲಿಗಿಂತ ಒಂದು ಗೇಣು ಎತ್ತರ, ಅಷ್ಟೆ.

ಸುತ್ತುದಾರಿ ಇದೆ, ಗುಡ್ಡದ ಮೇಲಿನದು. ಕೊಡಪಾನ, ಒಗೆಯುವ ಬಟ್ಟೆ, ಕಂಕುಳಲ್ಲೊಂದು ಮಗು, ಕೈಯಲ್ಲೊಂದು ಮಗು ಇಟ್ಟುಕೊಂಡು ಆ ದಾರಿ ಹತ್ತಿ ಇಳಿಯುವುದಕ್ಕೆ ಒಂದು ಗಂಟೆ ಬೇಕು. ತಗ್ಗಿನಲ್ಲಾದರೆ ಹತ್ತು ನಿಮಿಷ. ಬುಗ್ಗೆಯ ನೀರಿಲ್ಲದೆ ಇಲ್ಲಿ ಮಕ್ಕಳನ್ನು ತೊಳೆಯಲಾಗುವುದಿಲ್ಲ. ಕೊಳಾಯಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ.

ಅದಕ್ಕೇ ಲಿಕ್‌ರ ಅಪ್ಪ ಕಾರ್ಸೊ ಅಜ್ಜನ ಮನೆಯವರು ತಲೆತಲಾಂತರದಿಂದ ಬೆಳಗಿನ ಬಾಂಗ್ ಮುಗಿದ ಮೇಲೆ ದೊಂದಿ ಹಚ್ಚಿಕೊಂಡು ತಗ್ಗಿಗಿಳಿಯುತ್ತಾರೆ. ಒಣಬಿದಿರಿನ ಸೀಳುಗಳನ್ನು ಕಟ್ಟಿ, ಎಣ್ಣೆಯಲ್ಲಿ ಅದ್ದಿದ ದೊಂದಿ. ಅದನ್ನು ಮೊಣಕಾಲಿಗಿಂತ ಕೆಳಗೆ ಹಿಡಿದು, ಈ ಗಡಿಕಲ್ಲಿನಿಂದ ಆ ಗಡಿಕಲ್ಲಿನವರೆಗೆ ನಡೆಯಬೇಕು. ಉರಿ ಕುಂದಿದ ಕಡೆ, ತುದಿಗೆ ಕಪ್ಪು ತಾಳೆನಾರಿನ ಜುಟ್ಟು ಕಟ್ಟಿದ ಬಿದಿರ ಗಳುವನ್ನು ನೆಡಬೇಕು. ಗಳು ನಿಂತಿದ್ದರೆ ಊರಿಗೆ ಊರೇ ಮೇಲಿನ ದಾರಿ ಹಿಡಿಯುತ್ತದೆ. ಗಳು ಇಲ್ಲದಿದ್ದರೆ ಮಕ್ಕಳು ತಗ್ಗಿನಲ್ಲಿ ಓಡಿಕೊಂಡು ಹೋಗುತ್ತವೆ. ಗಳುವನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಗಳು ಇಲ್ಲದಿರುವುದನ್ನೂ ಪ್ರಶ್ನೆ ಮಾಡುತ್ತಿರಲಿಲ್ಲ.

ಕಾರ್ಸೊ ಅಜ್ಜ ಅರವತ್ತು ವರ್ಷ ಹೀಗೆ ನಡೆದರು. ನಾನು ಸೊಸೆಯಾಗಿ ಬಂದಾಗ ಅವರ ಮೂಗು ಮೊಣಕಾಲಿಗೆ ತಾಗುವಷ್ಟು ಬಾಗಿದ್ದರು. ಬಸುರಿಯಾಗಿದ್ದಾಗ ನಿದ್ದೆ ಬಾರದೆ ಬೆಳಗಿನಲ್ಲಿ ಅವರ ಹಿಂದೆ ಹೋಗುತ್ತಿದ್ದೆ. "ಉರಿಯ ಮುಖ ನೋಡ್ಕೊಂಡು ನಡೀಬೇಕು ಮಗಳೇ, ಹಾಲು ಕುಡಿಯೋ ಕೂಸಿನ ಮುಖ ನೋಡಲ್ವಾ, ಹಂಗೆ" ಎಂದು ಹೇಳಿಕೊಟ್ಟರು. ಮೊದಲು ಉರಿ ಬಾಡುತ್ತೆ. ಆಮೇಲೆ ದೊಂದಿ ಬಿಟ್ಟು ಮೇಲಕ್ಕೆ ಹಾರಿದ ಹಾಗೆ ಕಾಣುತ್ತೆ. ಅಷ್ಟರಲ್ಲಿ ಹಿಂದಕ್ಕೆ ಬಂದಿರಬೇಕು. ಕಳೆದ ವರ್ಷ ತೀರಿಕೊಂಡಾಗ ಅಜ್ಜನನ್ನು ಅಂಗಾತ ಮಲಗಿಸಲು ಆಗಲೇ ಇಲ್ಲ. ಗೋರಿಯಲ್ಲಿ ಹೇಗಿದ್ದರೂ ಮಗ್ಗುಲಾಗಿ ಮಲಗಿಸುತ್ತಾರೆ. ಅಜ್ಜನಿಗೆ ಅದೊಂದು ಅನುಕೂಲವಾಯಿತು. ಮಲಗಿದ ಮಗುವಿನ ಹಾಗೆ ಕಾಣುತ್ತಿದ್ದರು.

ಅಜ್ಜನ ದೊಂದಿ, ಬದುಕಿ ಉಳಿದ ಒಬ್ಬನೇ ಮಗನಿಗೆ ಬಂತು. ಲಿಕ್ ಕಸ್ಮಾದಿಗೆ.

ಅಲ್ಲಿಯವರೆಗೆ ಲಿಕ್ ಮಾಡಿದ್ದು ಪ್ರವಾಸಿಗಳನ್ನು ಸುತ್ತಾಡಿಸುವ ಕೆಲಸ. ಅದನ್ನು ಕೆಲಸ ಎಂದು ಅವರೇ ಕರೆದದ್ದು. ಭೂಮಿಯ ಹಬೆಯಿಂದ ವಿದ್ಯುತ್ ತೆಗೆಯುವವರು ಹಳೆಯದಾಯಿತೆಂದು ಬಿಸಾಡಿದ ಕಿತ್ತಳೆ ಬಣ್ಣದ ಅಂಗಿಚೊಣ್ಣವನ್ನು ಸಂತೆಯಲ್ಲಿ ಹಿಡಿದು ತಂದು ಹಾಕಿಕೊಂಡಿದ್ದಾರೆ. ಕುತ್ತಿಗೆಗೆ ವಿಷಗಾಳಿ ತಡೆಯುವ ರಬ್ಬರ್ ಮುಖವಾಡ ನೇತುಹಾಕಿರುತ್ತಾರೆ. ಅದರ ಮುಂದಿನ ಡಬ್ಬಿಯಲ್ಲಿ ಇರಬೇಕಾದ ಇದ್ದಿಲನ್ನು ಸುರಿದು, ಲವಂಗದ ಸಿಗರೇಟು ತುಂಬಿಕೊಂಡಿದ್ದಾರೆ. ನಾನು ಬಿಲದ ಬಾಯಿಯಲ್ಲಿ ಬುಟ್ಟಿ ಇಳಿಬಿಟ್ಟು ಮೊಟ್ಟೆ ಬೇಯಿಸಿ ಮಾರುವವಳು. ದಿನವೂ ಮೂರು ಮಾರು ದೂರದಲ್ಲಿ ಕುಳಿತು ಅವರ ನಾಟಕ ನೋಡಲೇಬೇಕು. ಏಳುವಂತಿಲ್ಲ, ಮೊಟ್ಟೆ ಒಡೆಯುತ್ತವೆ.

"ಪಾಕ್, ಈ ಹೊಂಡದ ಆಳ ಎಷ್ಟು?" ಎಂದು ಯಾರಾದರೂ ಕೇಳುತ್ತಾರೆ. ಪಾಕ್ ಎಂದರೆ ಯಜಮಾನ್ರೇ ಅಂದ ಹಾಗೆ.

"ಅಳೆಯೋಕೆ ಹೋದೋರು ಯಾರೂ ವಾಪಸ್ ಬಂದು ಹೇಳಿಲ್ಲಮ್ಮಾ."

ಎರಡಾಳು ಆಳ, ಅಷ್ಟೆ. ಗಿಯಾರ್ ಬಿದಿರು ಇಳಿಸಿ ನೋಡಿದ್ದಾನೆ.

ಆಮೇಲೆ ದೊಡ್ಡ ಆಟ. ಲಿಕ್ ಕಣ್ಣು ಮುಚ್ಚಿ ಏನೋ ಗೊಣಗುತ್ತಾರೆ, ಸಿಗರೇಟಿನ ಹೊಗೆಯನ್ನು ಬಿಲದ ಬಾಯಿಗೆ ಊದುತ್ತಾರೆ. ಕೂಡಲೇ ಸುತ್ತಲಿನ ಬಿಲಗಳೆಲ್ಲ ಮೊದಲಿನ ಎರಡರಷ್ಟು ಹಬೆ ಕಾರುತ್ತವೆ. ಪ್ರವಾಸಿಗಳು ಬಾಯಿ ಬಿಡುತ್ತಾರೆ. "ಇಪ್ಪತ್ತೊಂದು ದಿನ ಉಪವಾಸ ಮಾಡಿ ಒಲಿಸ್ಕೊಂಡಿದ್ದು" ಎನ್ನುತ್ತಾರೆ ಲಿಕ್. ಅಲ್ಲಿ ಯಾರು ಏನು ಉರಿಸಿದರೂ ಹಬೆ ಹಾಗೇ ದಟ್ಟವಾಗಿ ಕಾಣುತ್ತದೆ. ನನ್ನ ಒಲೆಯ ಪುಳ್ಳೆ ಹಿಡಿದರೂ ಆಗುತ್ತದೆ. ಉಪವಾಸದ ವಿಷಯಕ್ಕೆ ಬಂದರೆ, ಬೂಲಿಕ್ ಕರಿದ ಸೋಯಾಕಾಳಿನ ಟೆಂಪೆ ಬಾಣಲೆಯಿಂದ ತಟ್ಟೆಗೆ ಬೀಳುವುದಕ್ಕೆ ಆ ಮನುಷ್ಯ ಬಿಟ್ಟದ್ದನ್ನು ನಾನು ನೋಡಿಲ್ಲ. ಬೂಲಿಕ್ ಎಂದರೆ ಅವರ ಹೆಂಡತಿ ನಗಾತಿನಾ, ನಮ್ಮ ಚಿಕ್ಕಮ್ಮ. ಮಾತೇ ಆಡದ ಹೆಂಗಸು. ಮೂರು ವರ್ಷದ ಮೊಮ್ಮಗ ದನಾರ್‌ನನ್ನು ಸೊಂಟದ ಮೇಲಿಟ್ಟುಕೊಂಡು ದಿನವೂ ಬುಗ್ಗೆಗೆ ಬರುತ್ತಾರೆ, ಯಾವಾಗಲೂ ಎಲ್ಲರಿಗಿಂತ ಕೊನೆಗೆ, ಏದುಸಿರು ಬಿಡುತ್ತ. ಮೈಗಳ್ಳಿ ಎಂದುಕೊಂಡಿದ್ದೆ.

ದೊಂದಿ ಕೈಗೆ ಬಂದ ಮೇಲೆ ಲಿಕ್‌ಗೆ ಒಂದು ಹೊಸ ವೇಷ ಸಿಕ್ಕಿತು. ಬೆಳಗಿನ ಮಂಜು, ಕಿತ್ತಳೆ ಬಟ್ಟೆ, ಉರಿಯುವ ದೊಂದಿ. ಸೂರ್ಯೋದಯ ನೋಡಲು ಬಂದವರು ಅದನ್ನೂ ನೋಡಲು ನಿಲ್ಲತೊಡಗಿದರು. ಬೇಸಿಗೆಯುದ್ದಕ್ಕೂ ಗಾಳಿ ಚೆನ್ನಾಗಿ ಬೀಸಿತು; ದೊಂದಿ ಹೇಗೆ ಹಿಡಿದರೂ ನಡೆಯುತ್ತಿತ್ತು. ಹೇಗೆ ಹಿಡಿಯುತ್ತಾರೆ ಎಂದು ನಾನೂ ಗಮನಿಸಲಿಲ್ಲ. ಅದು ನನ್ನ ತಪ್ಪು, ಬರೆದಿಡುತ್ತೇನೆ.

ಮಳೆ ಶುರುವಾದ ಎರಡನೇ ವಾರ, ವೆನಿಂಗ್‌ಳನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ತಗ್ಗು ದಾಟುವಾಗ ದಾರಿಯ ಅಂಚಿನಲ್ಲಿ ಎರಡು ಕಪ್ಪೆ ಅಂಗಾತ ಬಿದ್ದಿದ್ದವು. ನಾಲ್ಕು ಹೆಜ್ಜೆ ಮುಂದೆ ಒಂದು ಹಕ್ಕಿಮರಿ. ಗಾಯವಿಲ್ಲ, ಇರುವೆ ಹತ್ತಿಲ್ಲ. ಅಂದು ಗಳು ನೆಟ್ಟಿರಲಿಲ್ಲ. ನಮ್ಮ ಮುಂದೆ ಆಗಷ್ಟೇ ಐದಾರು ಮಕ್ಕಳು ಓಡಿಹೋಗಿದ್ದವು. ಓಡಿದ್ದರಿಂದ ಉಳಿದವು ಎಂದು ಈಗ ಅನ್ನಿಸುತ್ತದೆ. ಮೂರನ್ನೂ ಎಲೆಯಲ್ಲಿ ಸುತ್ತಿಕೊಂಡು ನೇರ ಲಿಕ್ ಮನೆಗೆ ಹೋದೆ. ಅವರು ಒಲೆಯ ಮುಂದೆ ಕುಳಿತಿದ್ದರು, ಕುಳಿತಾಗಲೂ ನೆಟ್ಟಗೆ.

"ಲಿಕ್, ಇವು ತಗ್ಗಿನಲ್ಲಿ ಸಿಕ್ಕಿದ್ವು."

"ಏನದು, ತಿಂಡಿನಾ?"

"ಕಪ್ಪೆ. ಎರಡು. ಮತ್ತೆ ಒಂದು ಹಕ್ಕಿಮರಿ."

"ಸಾಯೋದು ಕಪ್ಪೆಗಳ ಹಣೆಬರಹ. ಅದಕ್ಕೆ ನಾನೇನು ಮಾಡ್ಲಿ, ಫಾತಿಹಾ ಓದ್ಲಾ?"

"ಬೆಳಿಗ್ಗೆ ನೀವು ಗಳು ನೆಟ್ಟಿರ್ಲಿಲ್ಲ."

"ಯಾಕೆ ನೆಡ್ಬೇಕು? ದೊಂದಿ ಧಗಧಗ ಉರೀತಿತ್ತು. ನಂಬಿಕೆ ಇಲ್ವಾ? ತಗೋ, ನೋಡು."

ಫೋನ್ ತೆಗೆದು ತೋರಿಸಿದರು. ಯಾರೋ ಪ್ರವಾಸಿ ತೆಗೆದು ಕಳಿಸಿದ ಫೋಟೋ. ಮಂಜಿನ ನಡುವೆ ಲಿಕ್, ಬಲಗೈ ಮೇಲೆತ್ತಿ, ದೊಂದಿ ಅವರ ತಲೆಗಿಂತ ಒಂದು ಮೊಳ ಎತ್ತರದಲ್ಲಿ. ನಿಜವೇ, ಧಗಧಗ ಉರಿಯುತ್ತಿತ್ತು.

ಫೋನನ್ನು ಅವರ ಕಡೆಗೇ ತಿರುಗಿಸಿ ಹಿಡಿದೆ.

"ಲಿಕ್, ಇದು ನಿಮ್ಮ ತಲೆ ಮೇಲಿದೆ. ಕಪ್ಪೆ ನಿಮ್ಮ ತಲೆ ಮೇಲೆ ಓಡಾಡಲ್ಲ."

"ಬಗ್ಗಿದ್ರೆ ಮುಖ ಬರಲ್ಲ ಫೋಟೋದಲ್ಲಿ."

"ದಿನಾ ಹಿಂಗೇನಾ ಹಿಡಿಯೋದು?"

"ನೋಡಮ್ಮಾ," ಅವರ ದನಿ ಗಟ್ಟಿಯಾಯಿತು, "ನಮ್ಮಪ್ಪ ಬಗ್ಗಿ ಬಗ್ಗಿ ಏನಾದ್ರು? ಜನ ಆಮೆ ಅಂತಿದ್ರು. ನಂಗೆ ಶಾಲೆಯಲ್ಲಿ ಆಮೆ ಮಗ ಅಂತಿದ್ರು. ನಂಗೆ ದೊಂದಿ ಹಿಡಿಯೋದು ಹೇಳಿಕೊಡೋಕೆ ನಿನ್ನೆ ಮೊನ್ನೆ ಬಂದ ಸೊಸೆ ಬೇಕಾ? ಹೋಗು, ಮೊಟ್ಟೆ ಬೇಯಿಸು ಹೋಗು."

ಬೂಲಿಕ್ ಒಲೆಯಾಚೆ ಆಲೂಗಡ್ಡೆ ಸುಲಿಯುತ್ತಿದ್ದರು. ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿ, ಮತ್ತೆ ತಗ್ಗಿಸಿದರು.

ಆಮೆ ಮಗ ಎಂದು ಕರೆಸಿಕೊಂಡ ಹುಡುಗನ ಬಗ್ಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಅಂಗಳ ದಾಟುವಷ್ಟು ಹೊತ್ತು. ಬೇಲಿಯ ಹತ್ತಿರ ವೆನಿಂಗ್ ಬೆನ್ನ ಮೇಲಿಂದ ಕೈ ಚಾಚಿ "ಕಪ್ಪೆ ನಿದ್ದೆ" ಎಂದಳು. ಅಲ್ಲಿಗೆ ಅಯ್ಯೋ ಮುಗಿಯಿತು.

ಗಿಯಾರ್‌ಗೆ ಹೇಳಿದೆ. "ಹಿರಿಯರು, ಎದುರು ಮಾತಾಡೋಕಾಗಲ್ಲ. ನೀನು ಮೇಲಿನ ದಾರೀಲಿ ಹೋಗು" ಎಂದ. ಹೋದೆ. ಆದರೆ ಉಳಿದ ತಾಯಂದಿರು? ಒಬ್ಬೊಬ್ಬರಿಗೂ ಹೇಳಿದೆ. ಅರ್ಧ ಜನ ನಂಬಿದರು. ಅರ್ಧ ಜನ, "ಕಾರ್ಸೊ ಅಜ್ಜನ ಮಗ, ಅವರಿಗೆ ಗೊತ್ತಿರಲ್ವಾ?" ಎಂದರು. ಇಂಥವರು ಬದುಕುವುದೇ ಹೀಗೆ. ಅಪ್ಪ ಬಾಗಿ ಗಳಿಸಿದ್ದನ್ನು ಮಗ ನೆಟ್ಟಗೆ ನಿಂತು ಕರಗಿಸುತ್ತಾನೆ.

ಅದಾಗಿ ಎಂಟನೇ ದಿನ, ಗುರುವಾರ. ಹಿಂದಿನ ದಿನವೆಲ್ಲ ಮಳೆ. ಬೆಳಿಗ್ಗೆ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಬಿಲಗಳ ಹಬೆ ದಾರ ಕಟ್ಟಿ ಎಳೆದ ಹಾಗೆ ನೇರ ಮೇಲಕ್ಕೆ ಹೋಗುತ್ತಿತ್ತು. ಇಂಥ ಬೆಳಗನ್ನು ನೋಡಿದರೆ ಕಾರ್ಸೊ ಅಜ್ಜ ದೊಂದಿ ಹಚ್ಚುವ ಮೊದಲೇ ಗಳುಗಳನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ನಾನು ವೆನಿಂಗ್‌ಳನ್ನು ತೊಳೆದು, ಕಟ್ಟಿಕೊಂಡು, ಮೇಲಿನ ದಾರಿಯಿಂದ ಮರಳಿ ಬುಟ್ಟಿ ತೆಗೆದುಕೊಂಡು ಮೊದಲ ಗಡಿಕಲ್ಲಿಗೆ ಬಂದೆ. ತಗ್ಗಿನ ನಡುವೆ ಕಿತ್ತಳೆ ಬಣ್ಣ ಕಾಣಿಸಿತು. ಗಳು ಒಂದೂ ಇಲ್ಲ.

ಸೆಮಾರಾಂಗ್ ಪಟ್ಟಣದಿಂದ ಬಂದ ಟೀಚರುಗಳ ಗುಂಪು, ಹನ್ನೆರಡು ಮಂದಿ, ಒಂದೇ ಬಣ್ಣದ ಸ್ವೆಟರ್ ಹಾಕಿಕೊಂಡು ಲಿಕ್ ಸುತ್ತ ನಿಂತಿದ್ದರು. ಲಿಕ್ ದೊಂದಿ ಎತ್ತಿ ಹಿಡಿದಿದ್ದರು. ದೊಡ್ಡ ದನಿ ನನ್ನವರೆಗೂ ಕೇಳುತ್ತಿತ್ತು.

"ಈ ತಗ್ಗಿನಲ್ಲಿ ನಾನಿಲ್ದೆ ಯಾರೂ ಕಾಲಿಡಲ್ಲ. ನಾನು ಬಂದೆ ಅಂದ್ರೆ ಭೂಮಿ ಉಸಿರು ಹಿಡ್ಕೊಳ್ಳುತ್ತೆ!"

"ಪಾಕ್, ಸ್ವಲ್ಪ ಎಡಕ್ಕೆ ತಿರುಗಿ, ಹಬೆ ಬರ್ಬೇಕು!"

"ಮೀಸೆ ಕಾಣ್ತಿದೆಯಾ?"

ಎಲ್ಲರೂ ನಕ್ಕರು. ಅವರ ಕಾಲುಗಳ ನಡುವೆ ಒಂದು ಹಳದಿ ಟೋಪಿ ಕಂಡಿತು. ನಾಲ್ಕು ವರ್ಷದ ಹೆಣ್ಣುಮಗು. ಒಂದು ಕೈಯಲ್ಲಿ ಲಿಕ್‌ರ ಕಿತ್ತಳೆ ಚೊಣ್ಣ ಹಿಡಿದು ನಿಂತಿತ್ತು. ನಾನು ನೋಡುತ್ತಿದ್ದಂತೆ ಆ ಕೈ ಸಡಿಲವಾಯಿತು. ಮಗು ಕುಳಿತುಕೊಂಡಿತು. ಆಟಕ್ಕೆ ಕುಳಿತದ್ದೆಂದು ಅದರ ತಾಯಿ ಎಣಿಸಿರಬೇಕು. ಆಮೇಲೆ ಹಳದಿ ಟೋಪಿ ಪಕ್ಕಕ್ಕೆ ವಾಲಿತು.

ಬುಟ್ಟಿ ಎಸೆದೆ. ವೆನಿಂಗ್ ಬೆನ್ನ ಮೇಲಿದ್ದಳು, ಅವಳ ತಲೆ ನನ್ನ ಹೆಗಲ ಎತ್ತರದಲ್ಲಿತ್ತು. ಬಗ್ಗಿದರೆ ಅವಳೂ ಕೆಳಗೆ ಬರುತ್ತಾಳೆ. ಗಡಿಕಲ್ಲಿನ ಮೇಲೆ ಅವಳನ್ನು ಇಳಿಸಿ, "ಇಲ್ಲೇ ನಿಂತಿರು, ಇಳಿದ್ರೆ ಹೊಡಿತೀನಿ" ಎಂದು ಗದರಿಸಿದೆ. ಅವಳಿಗೆ ಹಾಗೆ ಹಿಂದೆಂದೂ ಗದರಿಸಿರಲಿಲ್ಲ. ಕಲ್ಲಿನ ಮೇಲೇ ಅಳುತ್ತ ನಿಂತಳು. ಓಡಿದೆ. ಅಜ್ಜ ಹೇಳಿಕೊಟ್ಟಂತೆ ನಿಂತು ಉಸಿರು ತುಂಬಿಕೊಂಡು, ಬಾಯಿ ಮುಚ್ಚಿ ಬಗ್ಗಿ, ಮಗುವನ್ನು ಎರಡೂ ಕಂಕುಳಲ್ಲಿ ಹಿಡಿದೆತ್ತಿ ಹೆಗಲಿಗೆ ಹಾಕಿಕೊಂಡೆ. ನೀರಲ್ಲಿ ಬಿದ್ದ ಬಟ್ಟೆಯ ಹಾಗಿತ್ತು. ಯಾರಿಗೂ ಉತ್ತರ ಕೊಡದೆ ಗಡಿಕಲ್ಲಿಗೆ ಹತ್ತಿದೆ. ಹಿಂದಿನಿಂದ "ಏಯ್, ನನ್ನ ಮಗು!" ಎಂದು ತಾಯಿ ಕಿರುಚುತ್ತ ಓಡಿಬಂದಳು.

ಮೇಲಿನ ಗಾಳಿಗೆ ಹಿಡಿದು ಬೆನ್ನು ತಿಕ್ಕಿದೆ. ತುಟಿ ಮಸುಕಾಗಿತ್ತು. ಹೆಸರೇನು ಎಂದು ತಾಯಿಯನ್ನು ಕೇಳಿದೆ. ಅವಳು ಮಗುವಿನ ಕೆನ್ನೆ ತಟ್ಟುತ್ತಲೇ ಇದ್ದಳು. "ಪುಟ್ಟಾ, ಉಸಿರು ಎಳ್ಕೋ ಕಂದಾ, ಎಳ್ಕೋ" ಎಂದು ನಾನೇ ಹೇಳುತ್ತ ಹೋದೆ. ವೆನಿಂಗ್ ಅಳು ನಿಲ್ಲಿಸಿ, ಆ ಮಗುವಿನ ಕಾಲು ಹಿಡಿದುಕೊಂಡಳು. ಎಷ್ಟು ಹೊತ್ತೋ ತಿಳಿಯದು. ಮಗು ಕೆಮ್ಮಿತು, ನನ್ನ ಹೆಗಲಿನ ಮೇಲೆ ವಾಂತಿ ಮಾಡಿತು, ಆಮೇಲೆ ಜೋರಾಗಿ ಅತ್ತಿತು. ಅಷ್ಟು ಚೆಂದದ ಅಳು ನಾನು ಕೇಳಿದ್ದು ಒಮ್ಮೆ ಮಾತ್ರ, ವೆನಿಂಗ್ ಹುಟ್ಟಿದಾಗ.

ಕೆಳಗೆ ಇನ್ನೊಂದು ನಾಟಕ ನಡೆದಿತ್ತು. ಗಾಬರಿಯಲ್ಲಿ ಲಿಕ್ ಕೈಯಿಂದ ದೊಂದಿ ಜಾರಿತ್ತು. ನೆಲ ಮುಟ್ಟುವ ಮೊದಲೇ ಆರಿಹೋಯಿತಂತೆ. ಅದನ್ನು ಎತ್ತಿಕೊಳ್ಳಲು ಲಿಕ್ ಬಗ್ಗಿದರು, ಬಹುಶಃ ಆ ವರ್ಷದಲ್ಲಿ ಮೊದಲ ಸಲ. ಬಗ್ಗಿದವರು ಮಂಡಿಯೂರಿದರು, ಮಂಡಿಯೂರಿದವರು ಎರಡೂ ಕೈ ಊರಿದರು. ಇಬ್ಬರು ಟೀಚರುಗಳು ಕಿತ್ತಳೆ ಕಾಲರ್ ಹಿಡಿದು ಗಡಿಕಲ್ಲಿನವರೆಗೆ ಎಳೆದು ತಂದರು. ಮುಖವಾಡ ಕಲ್ಲಿಗೆ ತಗುಲಿ ಡಬ್ಬಿ ಬಿಚ್ಚಿಕೊಂಡು, ಸಿಗರೇಟುಗಳು ದಾರಿಯುದ್ದಕ್ಕೂ ಚೆಲ್ಲಿದವು.

ಎರಡು ನಿಮಿಷ ನಾಯಿಯ ಹಾಗೆ ಏದುಸಿರು ಬಿಟ್ಟು ಎದ್ದು ಕುಳಿತರು. ಬಟ್ಟೆ ಕೊಡವಿದರು. ಮಗು ಅಳುವುದನ್ನು ನೋಡಿದರು, ಸುತ್ತಲಿನ ಮುಖಗಳನ್ನು ನೋಡಿದರು. ಬೆನ್ನು ನೆಟ್ಟಗಾಯಿತು.

"ನೋಡಿದ್ರಾ? ನಾನು ಅದನ್ನ ನನ್ನ ಮೈ ಮೇಲೆ ಎಳ್ಕೊಂಡೆ. ಇಲ್ದಿದ್ರೆ ಮಗು ಉಳೀತಿರ್ಲಿಲ್ಲ."

ಆ ತಾಯಿ, ಮಗುವನ್ನು ಎದೆಗವಚಿಕೊಂಡವಳು, ಅವರ ಕೈಯನ್ನು ಹಣೆಗೊತ್ತಿಕೊಂಡಳು. ಹೊರಡುವ ಮೊದಲು ಗುಂಪಿನವರು ಅವರೊಡನೆ ಫೋಟೋ ತೆಗೆಸಿಕೊಂಡರು. ಆರಿದ ದೊಂದಿಯನ್ನು ಲಿಕ್ ಮತ್ತೆ ತಲೆಯ ಮೇಲೆ ಎತ್ತಿ ಹಿಡಿದರು. ನಾನು ಹೆಗಲು ತೊಳೆದುಕೊಳ್ಳುತ್ತಿದ್ದೆ. ಉಗುಳಿದೆ ಎಂದು ಆಮೇಲೆ ಯಾರೋ ಗಿಯಾರ್‌ಗೆ ಹೇಳಿದರಂತೆ. ಹೌದು, ಉಗುಳಿದೆ.

ಮರುದಿನ ಶುಕ್ರವಾರದ ನಮಾಜಿನ ನಂತರ ನಮ್ಮ ಪುಟ್ಟ ಮಸೀದಿ ಸುರಾವಿನ ಜಗಲಿಯಲ್ಲಿ ಊರು ಸೇರಿತು. ಊರ ಮುಖ್ಯಸ್ಥ ಪಾಕ್ ಸುಕಾಂಡಿ ಒಳ್ಳೆಯವರು, ಆದರೆ ಯಾರ ಮನಸ್ಸನ್ನೂ ನೋಯಿಸದಿರುವುದೇ ಅವರ ಉದ್ಯೋಗ. ನಾನು ಕಪ್ಪೆಯಿಂದ ಹಿಡಿದು ಹಳದಿ ಟೋಪಿಯವರೆಗೆ ಎಲ್ಲ ಹೇಳಿದೆ. ಗಿಯಾರ್ ಈ ಸಲ ನನ್ನ ಪಕ್ಕದಲ್ಲೇ ಕುಳಿತ.

"ಆ ಮಗು ಬೆಳಿಗ್ಗೆ ಏನೂ ತಿಂದಿರ್ಲಿಲ್ಲ," ಎಂದರು ಲಿಕ್. "ಪಟ್ಟಣದ ಮಕ್ಕಳು. ಬೆಟ್ಟ ಹತ್ತಿದ್ರೆ ತಲೆ ತಿರುಗುತ್ತೆ."

"ನೀವೂ ಕುಸಿದ್ರಲ್ಲ ಲಿಕ್, ನೀವು ಏನು ತಿಂದಿರ್ಲಿಲ್ಲ?" ಎಂದೆ. ಹಿಂದೆ ಯಾರೋ ಕಿಸಕ್ಕೆಂದರು.

"ಸಮಾಧಾನ, ಸಮಾಧಾನ," ಎಂದರು ಪಾಕ್ ಸುಕಾಂಡಿ. "ಕಸ್ಮಾದಿ ಮನೆತನದ ಕೆಲಸ ಇದು. ಇನ್ಮೇಲೆ ಸ್ವಲ್ಪ ಹುಷಾರಾಗಿ ಮಾಡ್ತಾರೆ. ಏನಂತೀರಿ?"

ಹೂಂ ಎನ್ನಲು ತಲೆಗಳು ತಯಾರಾಗುತ್ತಿದ್ದವು. ಪ್ರವಾಸಿಗಳು ಬರುವುದು ಲಿಕ್‌ರ ಆಟ ನೋಡಲು. ಅವರು ಬಂದರೆ ಎಲ್ಲರ ಮನೆಯ ಜೋಳ, ಪರಂಗಿ, ನನ್ನ ಮೊಟ್ಟೆಯೂ ಖರ್ಚಾಗುತ್ತವೆ. ನನಗೂ ಅದು ಗೊತ್ತಿತ್ತು. ಎದ್ದು ನಿಂತೆ.

"ಒಂದೇ ಮಾತು ಪಾಕ್. ನಾಳೆ ಲಿಕ್ ಅವರಿಗೆ ಸರಿ ಅನ್ನಿಸಿದ ಹಾಗೆ ದೊಂದಿ ಹಿಡೀಲಿ. ತಗ್ಗು ಸರಿಯಾಗಿದೆ ಅಂತ ಅವರೇ ಹೇಳ್ಲಿ. ಆಮೇಲೆ ದನಾರ್‌ನ ಕೈ ಹಿಡ್ಕೊಂಡು, ನಡೆಸ್ಕೊಂಡು, ಈ ಕಲ್ಲಿಂದ ಆ ಕಲ್ಲಿಗೆ ಹೋಗ್ಲಿ. ಎತ್ಕೊಂಡಲ್ಲ, ನಡೆಸ್ಕೊಂಡು. ಅವರ ಹಿಂದೆ ನನ್ನ ವೆನಿಂಗ್‌ನ ನಾನು ನಡೆಸ್ಕೊಂಡು ಹೋಗ್ತೀನಿ."

ಲಿಕ್ ಬಾಯಿ ತೆರೆದರು. ಅಷ್ಟರಲ್ಲಿ ಹೆಂಗಸರ ಸಾಲಿನ ಕೊನೆಯಿಂದ ನಾನು ಹೆಚ್ಚು ಕೇಳಿರದ ಒಂದು ದನಿ ಬಂತು.

"ದನಾರ್ ಹೋಗಲ್ಲ."

ಬೂಲಿಕ್ ನಗಾತಿನಾ. ಮಗುವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಹೋದ ವರ್ಷ ಮಾವ ತೀರ್ಕೊಂಡ ಮಾರನೇ ದಿನದಿಂದ ನಾನು ಅವನನ್ನ ಆ ತಗ್ಗಿಗೆ ಇಳಿಸಿಲ್ಲ. ಮೇಲಿನ ದಾರೀಲೇ ಎತ್ಕೊಂಡು ಹೋಗ್ತೀನಿ, ಎತ್ಕೊಂಡು ಬರ್ತೀನಿ. ದಿನಾ." ಅವರು ಗಂಡನ ಕಡೆ ನೋಡಲಿಲ್ಲ. "ಇವರೇ ಹೇಳಿದ್ದು. ನಮ್ಮ ಮಗುನ ತಗ್ಗಿನಲ್ಲಿ ತರಬೇಡ ಅಂತ."

ಬ್ಲೆಕುತುಕ್ ಕುದಿಯುವುದು ಜಗಲಿಗೂ ಕೇಳಿಸುತ್ತಿತ್ತು.

ಎಂದರೆ ಗೊತ್ತಿತ್ತು. ಅವರಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ಅಜ್ಞಾನಿಯಾಗಿದ್ದರೆ ಕ್ಷಮಿಸಬಹುದಿತ್ತು, ಕಲಿಸಬಹುದಿತ್ತು. ತಮ್ಮ ಮೊಮ್ಮಗನನ್ನು ಗುಡ್ಡದ ಮೇಲೆ ಹತ್ತಿಸಿ, ಊರಿನ ಮಕ್ಕಳನ್ನೆಲ್ಲ ತಗ್ಗಿಗೆ ಬಿಟ್ಟು, ಒಂದು ಫೋಟೋಗೆ ಮುಖ ಬರಲಿ ಎಂದು ಕೈ ಮೇಲೆತ್ತಿದ ಮನುಷ್ಯನನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿಯದು. ಲಿಕ್ ಎನ್ನುತ್ತೇನೆ.

"ನಂಗೆ ಸೊಂಟ ನೋವು ಪಾಕ್," ಎಂದರು ಲಿಕ್ ಕೊನೆಗೆ. "ಬಗ್ಗೋಕಾಗಲ್ಲ. ಯಾರಿಗೂ ಹೇಳ್ಕೊಂಡಿರ್ಲಿಲ್ಲ."

ಹಾಗೆ ಅವರಿಗೆ ಮರ್ಯಾದೆಯ ಒಂದು ಬಾಗಿಲು ಸಿಕ್ಕಿತು, ಊರು ಅದನ್ನು ತೆರೆದು ಹಿಡಿಯಿತು. ಪಾಕ್ ಸುಕಾಂಡಿಗೆ ಎಷ್ಟು ಸಂತೋಷವಾಯಿತೆಂದರೆ ಎಲ್ಲರಿಗೂ ಚಹಾ ತರಿಸಿದರು. ಸೊಂಟನೋವಿನ ಕಾರಣ ದೊಂದಿ ಬುಗ್ಗೆಗೆ ಹೋಗುವ ತಾಯಂದಿರ ಕೈಗೆ ಬಂತು. ನಾನು, ಪಕ್ಕದ ಮನೆಯ ಅಕ್ಕ ಯೂ ಸಾರಿ, ಮತ್ತು ಬೂಲಿಕ್ ನಗಾತಿನಾ. ದಿನಕ್ಕೊಬ್ಬರು. ಬಗ್ಗುವುದು ನಮಗೆ ಹೊಸದಲ್ಲ. ತೊಟ್ಟಿಲಿಗೆ, ಒಲೆಗೆ, ಆಲೂಗಡ್ಡೆ ಸಾಲಿಗೆ ಬಗ್ಗಿದ ಬೆನ್ನು ಇನ್ನೊಂದು ಸಲ ಬಗ್ಗುತ್ತದೆ. ಬೂಲಿಕ್ ಬಹಳ ಚೆನ್ನಾಗಿ ಉರಿ ಓದುತ್ತಾರೆ. ಮಾವನನ್ನು ಮೂವತ್ತು ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿದ್ದರಂತೆ.

ಲಿಕ್ ಕಸ್ಮಾದಿಗೆ ಏನೂ ಆಗಲಿಲ್ಲ. ಇಂಥವರಿಗೆ ಆಗುವುದೂ ಇಲ್ಲ. ಒಂದು ವಾರ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಿದರು, ಎಂಟನೇ ದಿನ ಮರೆತರು. ಹೊಸ ಸಿಗರೇಟು ತುಂಬಿದ ಮುಖವಾಡ ಮತ್ತೆ ಕುತ್ತಿಗೆಗೆ ಬಂತು. ತಮಗೇ ಬೇರೊಂದು ದೊಂದಿ ಮಾಡಿಕೊಂಡಿದ್ದಾರೆ, ಹಿಡಿಕೆಗೆ ಬಣ್ಣ ಹಚ್ಚಿದ್ದು. ಅದನ್ನು ಹಚ್ಚುವುದಿಲ್ಲ, ಎತ್ತಿ ಹಿಡಿಯುತ್ತಾರೆ, ಅಷ್ಟೆ. ಅಜ್ಜನ ಕತೆ ಈಗ ಅವರ ಕತೆಯಾಗಿದೆ. ಸೆಮಾರಾಂಗ್‌ನ ಮಗುವಿನ ಕತೆಯೂ ಸೇರಿಕೊಂಡಿದೆ. ಕೊನೆಗೆ ಕೇಳಿದಾಗ ಅದರಲ್ಲಿ ಮೂರು ಮಕ್ಕಳಿದ್ದವು.

ಇವತ್ತು ನನ್ನ ಸರದಿ. ಬಾಂಗ್ ಮುಗಿದ ಮೇಲೆ ವೆನಿಂಗ್‌ಳನ್ನು ಗಿಯಾರ್‌ನ ಹೊದಿಕೆಯೊಳಗೆ ತುರುಕಿ ಹೊರಟೆ. ಎರಡನೇ ತಿರುವಿನಲ್ಲಿ ಉರಿ ಬಾಡಿತು, ದೊಂದಿ ಬಿಟ್ಟು ಮೇಲಕ್ಕೆದ್ದಿತು. ಹಿಂದೆ ಸರಿದು ಗಳು ನೆಟ್ಟೆ. ಮರಳಿ ಬಂದು ಗಡಿಕಲ್ಲಿನ ಮೇಲೆ ಕುಳಿತು ಸೊಂಟ ಹಿಡಿದುಕೊಂಡಿದ್ದಾಗ ಲಿಕ್ ಬಂದರು, ಹಿಂದೆ ಒಂದು ಸಂಸಾರ: ಗಂಡ, ಹೆಂಡತಿ, ಅತ್ತೆ, ನಡೆಯಲು ಕಲಿತ ಒಂದು ಗಂಡುಮಗು. ನನ್ನನ್ನು ನೋಡಿ ನಿಂತರು. ಕಣ್ಣು ಮುಚ್ಚಿದರು. ಮೂಗು ಗಾಳಿಗೆ ಚಾಚಿದರು.

"ಹೂಂ," ಎಂದು, ತುಟಿಯನ್ನು ಮಾತ್ರ ನನ್ನ ಕಡೆ ತಿರುಗಿಸಿ ಪಿಸುಗುಟ್ಟಿದರು, "ಹೆಂಗಿದೆ?"

ಸುಮ್ಮನಿರಬಹುದಿತ್ತು. ಒಂದು ಸಲ ಅವರ ಮಾನ ಹೋಗಲಿ ಎನ್ನಿಸಿತು. ಮಗು ನನ್ನ ಆರದ ದೊಂದಿಯನ್ನು ನೋಡುತ್ತ ಬಾಯಲ್ಲಿ ಬೆರಳಿಟ್ಟುಕೊಂಡಿತ್ತು. ಅದರ ಕಾಲ್ಚೀಲ ಒಂದು ಜಾರಿತ್ತು, ಎಳೆದು ಸರಿಮಾಡಿದೆ.

"ಎರಡನೇ ತಿರುವಿನಲ್ಲಿ ನಿಂತಿದೆ ಲಿಕ್. ಮೇಲಿನ ದಾರೀಲಿ ಹೋಗಿ. ಮಗುನ ಎತ್ಕೊಳ್ಳೋಕೆ ಹೇಳಿ."

ಲಿಕ್ ಕಣ್ಣು ತೆರೆದು ಸಂಸಾರದ ಕಡೆ ತಿರುಗಿದರು. ಬಣ್ಣದ ದೊಂದಿ ಮೇಲಕ್ಕೆದ್ದಿತು.

"ಭೂಮಿ ಇವತ್ತು ಬೇಡ ಅಂತಿದೆ," ಎಂದರು. "ನಂಗೆ ಬೆಳಿಗ್ಗೆಯೇ ಗೊತ್ತಾಗಿತ್ತು."

"ಅಬ್ಬಾ!" ಎಂದಳು ಅತ್ತೆ. ಹೆಂಡತಿ ಮಗುವನ್ನು ಎತ್ತಿಕೊಂಡಳು. ಎಲ್ಲರೂ ಗುಡ್ಡ ಹತ್ತತೊಡಗಿದರು, ಮುಂದೆ ಆ ನೆಟ್ಟಗಿನ ಬೆನ್ನು. ನಾನು ಅದನ್ನು ನೋಡಲಿಲ್ಲ. ತಾಯಿಯ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೋಡುತ್ತಿದ್ದ ಮಗುವನ್ನು, ತಿರುವಿನಲ್ಲಿ ಮರೆಯಾಗುವವರೆಗೆ, ನೋಡಿದೆ. ಆಮೇಲೆ ಮೊಟ್ಟೆಯ ಬುಟ್ಟಿ ತರಲು ಮನೆಗೆ ಹೋದೆ.